ಊರಿಗೊಂದು, ಪೇಟೆಗೊಂದು ಬಟ್ಟೆ ಯಾಕೆ?

ಬೀಜ, ಗೊಬ್ಬರ, ನೀರು, ಧಾರಣೆ ಎಲ್ಲದರ ಬಗ್ಗೆ ನಾವು ರೈತರು ಓದುತ್ತೇವೆ, ಬರೆಯುತ್ತೇವೆ. ನಾವು ಮೈಮೇಲೆ ಏನು ಹಾಕಿಕೊಳ್ಳುತ್ತೇವೆ ಎಂಬುದರ ಬಗ್ಗೆ ಬರೆದವರು ಕಡಿಮೆ. ಬಟ್ಟೆ ಅಷ್ಟು ದೊಡ್ಡ ವಿಷಯವೇ ಎಂದು ಕೇಳಬಹುದು. ಮಳೆ ನಂಬಿ ರಾಗಿ, ತೊಗರಿ, ಹುರುಳಿ ಬೆಳೆಯುವ ನಮ್ಮಂಥವರಿಗೆ ದೊಡ್ಡದೇ. ಯಾಕೆಂದರೆ ಇದರಲ್ಲಿ ದುಡ್ಡೂ ಇದೆ, ಮಾನವೂ ಇದೆ.

ನನ್ನದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಹೆಣ್ಣು ಕೊಟ್ಟ ಮಾವನ ಮನೆ ಕುಣಿಗಲ್ ಕಡೆ. ಮಗ ತುಮಕೂರಿನಲ್ಲಿ ಕೆಲಸದಲ್ಲಿದ್ದಾನೆ. ಹಾಗಾಗಿ ವಾರಕ್ಕೊಂದು ದಿನವಾದರೂ ಬಸ್ಸು ಹತ್ತುವುದು ತಪ್ಪುವುದಿಲ್ಲ. ಗುಬ್ಬಿಯಿಂದ ತುಮಕೂರು 20 ಕಿ.ಮೀ. ಆಸುಪಾಸು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಹೊರಟರೆ ಹತ್ತು ಗಂಟೆಗೆ ತಾಲ್ಲೂಕು ಕಚೇರಿ, ಹನ್ನೆರಡಕ್ಕೆ ತುಮಕೂರಿನ ಎಪಿಎಂಸಿ ಯಾರ್ಡು, ಎರಡಕ್ಕೆ ಮಂಡಿಪೇಟೆಯಲ್ಲಿ ಸಾಮಾನು, ಐದಕ್ಕೆ ಮತ್ತೆ ನಮ್ಮ ಕೊಟ್ಟಿಗೆ. ಹಳ್ಳಿ ಬದುಕು ಬೇರೆ, ಪೇಟೆ ಬದುಕು ಬೇರೆ ಎಂದು ಹೇಳುತ್ತಿದ್ದ ಕಾಲ ಹೋಯಿತು. ಈಗ ಒಂದೇ ದಿನದಲ್ಲಿ ಎರಡೂ ಬದುಕು ಮಾಡಬೇಕು. ಹಾಗಿರುವಾಗ ಎರಡು ಥರದ ಬಟ್ಟೆ ಯಾಕೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೆಲಸದ ಬಟ್ಟೆ ಬೇರೆ ಇರಲಿ. ಅದೊಂದು ಬಿಟ್ಟರೆ ಊರಿಗೂ ಪೇಟೆಗೂ ಒಂದೇ ಬಟ್ಟೆ ಸಾಕು. ಅದು ಹತ್ತಿಯದಾಗಿರಲಿ, ಒಗೆದು ಹರವಿದ್ದಾಗಿರಲಿ, ನಮ್ಮ ಮೈಗೆ ಒಗ್ಗಿದ್ದಾಗಿರಲಿ. ಪೇಟೆಯವರಿಗೆ ಚೆಂದ ಕಾಣಲೆಂದೇ ಬೇರೆ ಬಟ್ಟೆ ಇಟ್ಟುಕೊಳ್ಳುವುದನ್ನು ರೈತ ಬಿಡಬೇಕು.

ಪೇಟೆ ಬಟ್ಟೆ ಬಂದದ್ದು

ನಾನು ಚಿಕ್ಕವನಿದ್ದಾಗ ವರ್ಷಕ್ಕೊಂದು ಜೊತೆ ಬಟ್ಟೆ. ಯುಗಾದಿಗೆ ಹೊಲಿಸಿದರೆ ಮುಂದಿನ ಯುಗಾದಿಯವರೆಗೂ ಅದೇ. ಬೆಳೆಯುವ ಹುಡುಗ ಎಂದು ಟೈಲರ್ ಎರಡು ಗೇಣು ಜಾಸ್ತಿಯೇ ಬಿಟ್ಟು ಹೊಲಿಯುತ್ತಿದ್ದ. ದೊಡ್ಡವರಿಗೆ ಸೊಸೈಟಿಯಲ್ಲಿ ಸಿಗುವ ಜನತಾ ಪಂಚೆ, ಜನತಾ ಸೀರೆ. ಅದೇ ಹೊಲಕ್ಕೆ, ಅದೇ ಸಂತೆಗೆ. ಹೋಗುವ ಹಿಂದಿನ ದಿನ ಒಗೆದುಕೊಳ್ಳುತ್ತಿದ್ದರು, ಅಷ್ಟೇ.

ಆಮೇಲೆ ಟೆರಿಕಾಟು ಬಂತು. ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ, ಹೊಳೆಯುತ್ತದೆ. ಜನ ಅದನ್ನು ಟ್ರಂಕಿನಲ್ಲಿಟ್ಟು ಪೇಟೆಗೆ ಹೋಗುವಾಗ ಮಾತ್ರ ತೆಗೆದರು. ಪೇಟೆ ಬಟ್ಟೆ ಎಂಬ ಮಾತು ನಮ್ಮಲ್ಲಿ ಹುಟ್ಟಿದ್ದು ಹಾಗೆ. ಈಗ ರೆಡಿಮೇಡ್ ಬಂದು ಬಟ್ಟೆ ಅಗ್ಗವಾಗಿದೆ. ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲೇ ರಾಶಿ ಹಾಕಿ ಮಾರುತ್ತಾರೆ. ಬಡವರ ಮನೆಯಲ್ಲೂ ಬೀರು ತುಂಬಿದೆ. ಆದರೆ ಒಂದು ಸಾವಿಗೆ, ಒಂದು ಕಚೇರಿಗೆ ಹೊರಡಬೇಕಾದರೆ, "ಹಾಕ್ಕೊಂಡು ಹೋಗೋಕೆ ಒಂದೂ ಇಲ್ವಲ್ಲ" ಎಂಬ ಮಾತು ಎಲ್ಲ ಮನೆಯಲ್ಲೂ ಕೇಳುತ್ತದೆ. ಬಟ್ಟೆ ಹೆಚ್ಚಾಯಿತು, ಉಪಯೋಗಕ್ಕೆ ಬರುವುದು ಕಡಿಮೆಯಾಯಿತು.

ಬಟ್ಟೆ ನೋಡಿ ಮಣೆ

ಮುಖ ನೋಡಿ ಮಣೆ ಹಾಕುತ್ತಾರೆ ಎಂದು ಗಾದೆ. ಈಗ ಮುಖಕ್ಕಿಂತ ಮೊದಲು ಬಟ್ಟೆ ನೋಡುತ್ತಾರೆ. ನನಗೂ ಆಗಿದೆ. ಒಂದು ಕಚೇರಿಯಲ್ಲಿ ಪಹಣಿ ತಿದ್ದುಪಡಿಗೆ ನಿಂತಿದ್ದೆ. ನನ್ನ ಹಿಂದೆ ಬಂದ ಪ್ಯಾಂಟಿನ ಹುಡುಗನಿಗೆ "ಬನ್ನಿ ಸಾರ್, ಕೂತ್ಕೊಳ್ಳಿ" ಎಂದರು. ನನಗೆ "ಏಯ್ ಯಜಮಾನ, ಆಮೇಲೆ ಬಾ" ಎಂದರು. ನಾನು ಉಟ್ಟಿದ್ದು ಒಗೆದ ಪಂಚೆ, ಒಗೆದ ಅಂಗಿ. ಆ ಹುಡುಗ ನನ್ನ ಪಕ್ಕದ ಹೊಲದವನ ಮಗ. ಅವನೂ ರಾಗಿ ಬೆಳೆಯುವವನೇ.

ಇದು ನನ್ನೊಬ್ಬನ ಕಥೆಯಲ್ಲ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ತಲೆಮೇಲೆ ಗಂಟು ಹೊತ್ತು ಬಂದ ಒಬ್ಬ ರೈತನನ್ನು, ಬಟ್ಟೆ ಕೊಳೆಯಾಗಿದೆ ಎಂದು ಒಳಗೆ ಬಿಡಲಿಲ್ಲ. ಜೊತೆಯಲ್ಲಿದ್ದ ಪ್ರಯಾಣಿಕರೇ ಜಗಳ ಮಾಡಿ ಆತನನ್ನು ಕರೆದುಕೊಂಡು ಹೋದರು. ತಡೆದ ಸಿಬ್ಬಂದಿಯನ್ನು ಮೆಟ್ರೋದವರು ಕೆಲಸದಿಂದ ತೆಗೆದರು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ಗೆ ಹಾವೇರಿ ಕಡೆಯ ವಯಸ್ಸಾದ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಹೋದರು. ಕೈಯಲ್ಲಿ ಟಿಕೆಟ್ಟಿತ್ತು. ಪಂಚೆ ಉಟ್ಟಿದ್ದಾರೆ ಎಂದು ಬಾಗಿಲಲ್ಲೇ ತಡೆದರು. ವಿಧಾನಸಭೆಯಲ್ಲಿ ಗಲಾಟೆಯಾಗಿ, ಸರ್ಕಾರ ಆ ಮಾಲ್ ಅನ್ನು 7 ದಿನ ಮುಚ್ಚಿಸಬೇಕಾಯಿತು.

ಪಕ್ಕದ ತಮಿಳುನಾಡಿನಲ್ಲಿ ಇದಕ್ಕೆ ಕಾನೂನೇ ಇದೆ. 2014ರಲ್ಲಿ ಚೆನ್ನೈನ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಪಂಚೆ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಡಲಿಲ್ಲ. ಅದೇ ವರ್ಷ ಅಲ್ಲಿನ ಸರ್ಕಾರ ಕಾನೂನು ಮಾಡಿತು. ಪಂಚೆ ಕಾರಣಕ್ಕೆ ಯಾರನ್ನಾದರೂ ತಡೆದರೆ 1 ವರ್ಷದವರೆಗೆ ಜೈಲು, 25,000 ರೂ. ದಂಡ. ನ್ಯಾಯಮೂರ್ತಿಗೇ ಹೀಗಾದರೆ ನಮ್ಮಂಥವರ ಪಾಡು ಹೇಳಬೇಕೆ?

ಹಾಗೆಂದು ನಾವು ಬಟ್ಟೆ ಬದಲಾಯಿಸಿಕೊಂಡರೆ ಮರ್ಯಾದೆ ಬಂದುಬಿಡುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ಮರ್ಯಾದೆ ತಂದವರು ಬಟ್ಟೆ ಬದಲಾಯಿಸಿಕೊಳ್ಳದವರು. ಗಾಂಧಿಯವರು 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಬಡ ರೈತನ ತುಂಡು ಪಂಚೆಗೆ ಇಳಿದರು. ಹತ್ತು ವರ್ಷದ ಮೇಲೆ, 1931ರಲ್ಲಿ, ಲಂಡನ್ನಿನ ಅರಮನೆಗೆ ರಾಜನನ್ನು ನೋಡಲು ಹೋದಾಗಲೂ ಅದೇ ಪಂಚೆ, ಮೇಲೊಂದು ಶಾಲು. 1996ರಲ್ಲಿ ನಮ್ಮ ದೇವೇಗೌಡರು ದೆಹಲಿಯಲ್ಲಿ ಪ್ರಧಾನಿಯಾದಾಗಲೂ ಹಾಸನದಲ್ಲಿ ಉಡುತ್ತಿದ್ದ ಪಂಚೆಯನ್ನು ಬಿಡಲಿಲ್ಲ. ರಾಜಕೀಯ ಏನೇ ಇರಲಿ, ಆ ಪಂಚೆ ನೋಡಿ ನಮ್ಮ ಹಳ್ಳಿಯವರಿಗೆ ಒಂದು ಧೈರ್ಯ ಬಂದದ್ದು ನಿಜ. 2021ರ ನವೆಂಬರಿನಲ್ಲಿ ಅಂಕೋಲದ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ. ಗಿಡ ನೆಡುವಾಗ ಉಡುವ ಹಾಲಕ್ಕಿ ಸೀರೆ, ಕೊರಳ ತುಂಬ ಮಣಿಸರ, ಬರಿಗಾಲು. ಹರೇಕಳದ ಕಿತ್ತಳೆ ವ್ಯಾಪಾರಿ ಹಾಜಬ್ಬರೂ ಅಂದು ಬಿಳಿ ಪಂಚೆ, ಬಿಳಿ ಅಂಗಿ, ಬರಿಗಾಲಿನಲ್ಲೇ ಹೋದರು. ಅಷ್ಟು ದೊಡ್ಡ ಜಾಗದಲ್ಲಿ ಸಲ್ಲುವ ಬಟ್ಟೆ ನಮ್ಮ ತಾಲ್ಲೂಕು ಕಚೇರಿಯಲ್ಲಿ ಸಲ್ಲುವುದಿಲ್ಲವೇ?

ಹಸಿರು ಟವೆಲ್ಲನ್ನೇ ನೋಡಿ. ಹೆಗಲ ಮೇಲಿನ ಟವೆಲ್ಲು ಬೆವರು ಒರೆಸುವ ಬಟ್ಟೆ. 1980ರಲ್ಲಿ ರೈತ ಸಂಘ ಹುಟ್ಟಿ, ಪ್ರೊ. ನಂಜುಂಡಸ್ವಾಮಿಯವರಂಥವರು ಅದನ್ನು ಹೆಗಲಿಗೆ ಹಾಕಿದ ಮೇಲೆ ಅಧಿಕಾರಿಗಳು ಅದನ್ನು ಕಂಡು ಎದ್ದು ನಿಲ್ಲುವಂತಾಯಿತು. ಅರಿವೆ ಅದೇ, ಹೊತ್ತವರು ತಲೆ ಎತ್ತಿ ನಡೆದರು.

ಕೊಳೆ ಬೇರೆ, ಉಡುಪು ಬೇರೆ

ಒಂದು ಮಾತು ನಮ್ಮವರಿಗೂ ಹೇಳಬೇಕು. ಪಂಚೆ ಉಡುವುದು ನಮ್ಮ ಹಕ್ಕು. ಗಂಜಲದ ಅಂಗಿಯಲ್ಲಿ ಬಸ್ಸು ಹತ್ತಿ ಪಕ್ಕದವರಿಗೆ ಒರಗಿ ಕೂರುವುದು ಹಕ್ಕಲ್ಲ. ದುಡಿಯುವಾಗ ಆದ ಮಣ್ಣು, ಬೆವರಿನ ಬಗ್ಗೆ ನಾಚಿಕೆ ಬೇಡ. ದಿಢೀರ್ ಎಂದು ಹೊಲದಿಂದಲೇ ಆಸ್ಪತ್ರೆಗೆ ಓಡಬೇಕಾದರೆ ಹಾಗೇ ಓಡಬೇಕು, ಯಾರಾದರೂ ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ. ಆದರೆ ಹೇಳಿ ಕೇಳಿ ಹೊರಟ ದಿನ ಒಗೆದದ್ದೇ ಇರಬೇಕು. ಕೊಳೆ ಹೋಗಲು ಒಂದು ಬಿಲ್ಲೆ ಸೋಪು ಸಾಕು. ಅದಕ್ಕಾಗಿ ಹೊಸ ಉಡುಪು ಕೊಳ್ಳಬೇಕಿಲ್ಲ.

ಕೆಲಸದ ಬಟ್ಟೆಯಲ್ಲೂ ಔಷಧಿ ಹೊಡೆಯುವ ಬಟ್ಟೆ ಬೇರೆಯೇ ಇರಬೇಕು. ತುಂಬುತೋಳು, ಪಾದದವರೆಗೆ ಪ್ಯಾಂಟು. ಹೊಡೆದು ಬಂದ ಕೂಡಲೇ ಬಿಚ್ಚಿ, ಮನೆಯವರ ಬಟ್ಟೆ ಜೊತೆ ಸೇರಿಸದೆ ಬೇರೆ ಒಗೆಯಬೇಕು. ಎಷ್ಟೋ ಜನ ಅದೇ ಬಟ್ಟೆಯಲ್ಲಿ ಟೀ ಅಂಗಡಿಗೆ ಹೋಗಿ ಕೂರುತ್ತಾರೆ, ಮಕ್ಕಳನ್ನು ಎತ್ತಿಕೊಳ್ಳುತ್ತಾರೆ. ವಿಷ ಬಟ್ಟೆಯಿಂದ ಚರ್ಮಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯಬಾರದು.

ಮೂರು ಗೂಟದ ಲೆಕ್ಕ

ನಮ್ಮ ಮನೆಯಲ್ಲಿ ನಾನು ಮಾಡಿಕೊಂಡ ಲೆಕ್ಕ ಮೂರು ಗೂಟದ್ದು. ಬೀರು ಇರುವವರು ಮೂರು ಖಾನೆ ಅನ್ನಬಹುದು.

ಮೊದಲ ಗೂಟ ಕೊಟ್ಟಿಗೆ ಪಕ್ಕದ ಗೋಡೆಯಲ್ಲಿ. ಹಳೇ ತುಂಬುತೋಳಿನ ಅಂಗಿ 2, ಲುಂಗಿ 2, ಪಟ್ಟಾಪಟ್ಟಿ ಚಡ್ಡಿ 3, ತಲೆಗೆ ಸುತ್ತುವ ಟವೆಲ್ಲು 2. ಇದು ಹೊಲಕ್ಕೆ. ಔಷಧಿ ಬಟ್ಟೆ ಇದಕ್ಕೂ ಆಚೆ, ಹೊರಗಡೆ.

ಎರಡನೇ ಗೂಟ ನಡುಮನೆಯಲ್ಲಿ. ಅಡಿಗೆಮನೆಯ ಹೊಗೆ, ಕೊಟ್ಟಿಗೆಯ ವಾಸನೆ ಎರಡೂ ತಾಗದ ಕಡೆ. ಹತ್ತಿ ಅಂಗಿ 4, ಪಂಚೆ 3, ಪ್ಯಾಂಟು 1, ಟವೆಲ್ಲು 2. ಒಟ್ಟು 10 ಬಟ್ಟೆ. ಊರಲ್ಲಿ ಪಂಚಾಯ್ತಿಗೂ ಇದೇ, ಗುಬ್ಬಿ ಸಂತೆಗೂ ಇದೇ, ತುಮಕೂರು ಬ್ಯಾಂಕಿಗೂ ಇದೇ, ಕುಣಿಗಲ್ ನೆಂಟರ ಮನೆಗೂ ಇದೇ. ನನ್ನ ಲೇಖನದ ಸಾರವೆಲ್ಲ ಈ ಎರಡನೇ ಗೂಟದಲ್ಲೇ ಇದೆ.

ಮೂರನೇ ಗೂಟಕ್ಕೆ ಮೂರೇ ಬಟ್ಟೆ. ಜರಿ ಅಂಚಿನ ಪಂಚೆ, ಬಿಳಿ ಅಂಗಿ, ಶಲ್ಯ. ಮದುವೆ, ದೇವರ ಕಾರ್ಯಕ್ಕೆ. ಮಡಚಿಟ್ಟು ನಡುವೆ ಒಣಗಿದ ಬೇವಿನ ಸೊಪ್ಪು ಹಾಕಿಟ್ಟರೆ ನುಸಿಗುಳಿಗೆ ಬೇಕಿಲ್ಲ.

ಎರಡನೇ ಗೂಟದ ಬಟ್ಟೆ ಆರಿಸುವಾಗ ನಾನು ನೋಡುವುದು ಇಷ್ಟು:

ಒಂದು, ಹತ್ತಿಯೇ ಎಂದು ಖಾತ್ರಿ ಮಾಡಿಕೊಳ್ಳುವುದು. ತುಂಡಿನಿಂದ ಒಂದು ಎಳೆ ಎಳೆದು ಕಡ್ಡಿ ಗೀರಿ ಸುಡಿ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಒಲೆ ಮುಂದೆ, ಬೆಂಕಿ ಮುಂದೆ ಓಡಾಡುವ ನಮಗೆ ಈ ವ್ಯತ್ಯಾಸ ಮುಖ್ಯ. ಕರಗಿದ್ದು ಮೈಗೆ ಅಂಟಿಕೊಳ್ಳುತ್ತದೆ. ಬಿಸಿಲಲ್ಲಿ ಬೆವರನ್ನು ಹೀರುವುದೂ ಹತ್ತಿಯೇ.

ಎರಡು, ಹೊಲಿಸುವ ಮೊದಲು ಬಟ್ಟೆಗೆ ನೀರು ತೋರಿಸುವುದು. ರಾತ್ರಿ ನೆನೆಸಿ ನೆರಳಲ್ಲಿ ಒಣಗಿಸಿ ಟೈಲರಿಗೆ ಕೊಟ್ಟರೆ ಕುಗ್ಗುವುದೆಲ್ಲ ಅಲ್ಲೇ ಕುಗ್ಗಿರುತ್ತದೆ. ಹೊಲಿಗೆ ಒಳಗೆ ಎರಡು ಬೆರಳು ಬಟ್ಟೆ ಬಿಡಲು ಹೇಳಿ. ಆಮೇಲೆ ಬಿಚ್ಚಿ ಸಡಿಲ ಮಾಡಿಕೊಳ್ಳಬಹುದು, ಮಗನಿಗೂ ಆಗುತ್ತದೆ.

ಮೂರು, ಜೇಬು. ಪಹಣಿ, ಆಧಾರ್, ಪಾಸ್‌ಬುಕ್ಕು, ಮೊಬೈಲು ಎಲ್ಲ ಹಿಡಿಯಬೇಕು. ರೆಡಿಮೇಡ್ ಅಂಗಿಗೆ ಒಂದೇ ಜೇಬು. ಹೊಲಿಸುವಾಗ ಮೇಲೆ ಎರಡು, ಒಳಗೆ ಒಂದು ಕೇಳಿ ಹಾಕಿಸಿ. ಪಟ್ಟಾಪಟ್ಟಿ ಚಡ್ಡಿಯ ಜೇಬಿಗಿಂತ ಭದ್ರವಾದ ಬ್ಯಾಂಕು ಇಲ್ಲ, ನಿಜ. ಆದರೆ ಅಂಗಡಿ ಮುಂದೆ ಪಂಚೆ ಎತ್ತಿ ದುಡ್ಡು ತೆಗೆಯುವುದು ತಪ್ಪುತ್ತದೆ.

ನಾಲ್ಕು, ಬಣ್ಣ. ನಮ್ಮದು ಕೆಂಪು ಮಣ್ಣು. ಬಿಳಿ ಅಂಗಿ ಬಸ್‌ಸ್ಟಾಪಿಗೆ ಹೋಗುವಷ್ಟರಲ್ಲಿ ಕೆಂಪಾಗುತ್ತದೆ. ಗರಿಗರಿ ಬಿಳಿ ರಾಜಕೀಯದವರಿಗೆ ಇರಲಿ, ಅವರಿಗೆ ಒಗೆಯುವ ಜನ ಇದ್ದಾರೆ. ನಮಗೆ ಬೂದಿ ಬಣ್ಣ, ತಿಳಿ ಹಸಿರು, ಖಾಕಿ ಒಳ್ಳೆಯದು. ಖಾಕಿ ಎಂದರೆ ಪೊಲೀಸರ ಬಣ್ಣವೆಂದು ಜನ ಹಿಂಜರಿಯುತ್ತಾರೆ. ಪಾರ್ಸಿ ಭಾಷೆಯಲ್ಲಿ ಖಾಕ್ ಎಂದರೆ ಮಣ್ಣು, ಧೂಳು. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 19ನೇ ಶತಮಾನದಲ್ಲೇ ಖಾಕಿ ಬಟ್ಟೆ ನೇಯುತ್ತಿದ್ದರು. ಮಣ್ಣಿನ ಹೆಸರಿನ ಬಣ್ಣ ಮಣ್ಣಿನವರಿಗೆ ಬೇಡವೆಂದರೆ ಹೇಗೆ?

ಗೂಟದ ಲೆಕ್ಕಕ್ಕೆ ಸೇರದ್ದು ಒಂದಿದೆ, ಕಂಬಳಿ. ಚಳ್ಳಕೆರೆ ಕಡೆಯ ಕರಿ ಕಂಬಳಿ, ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿ ನೇಯ್ದದ್ದು. ಮಳೆಗೆ ಕೊಪ್ಪೆ ಹಾಕಿಕೊಂಡರೆ ನೀರು ಜಾರುತ್ತದೆ, ನೆನೆದರೂ ಬೆಚ್ಚಗಿರುತ್ತದೆ. ಕಣ ಕಾಯುವಾಗ ಹಾಸಿಗೆ, ಹಿರಿಯರು ಬಂದರೆ ಕೂರಲು ಹಾಸುವ ಮರ್ಯಾದೆ. ಪ್ಲಾಸ್ಟಿಕ್ ರೈನ್‌ಕೋಟು ಬೈಕಿಗೆ ಸರಿ. ಕುರಿ ಹಿಂದೆ, ನೇಗಿಲ ಹಿಂದೆ ನಡೆಯುವವನಿಗೆ ಅದರೊಳಗೆ ಬೆವರಿನ ಮಳೆ.

ಬಟ್ಟೆ ಇಳಿಯುವ ದಾರಿ

ಹತ್ತಿ ಬಟ್ಟೆ ಒಂದು ಗೂಟದಿಂದ ಇನ್ನೊಂದಕ್ಕೆ ಇಳಿಯುತ್ತ ಹೋಗುತ್ತದೆ. ಹಬ್ಬದ ಅಂಗಿ ಎರಡು ವರ್ಷಕ್ಕೆ ಎರಡನೇ ಗೂಟಕ್ಕೆ ಬರುತ್ತದೆ. ಕಾಲರು ಸವೆದರೆ ಹೊಲಕ್ಕೆ. ಅಲ್ಲಿ ಹರಿದರೆ ಒಲೆ ಮುಂದಿನ ಮಸಿಬಟ್ಟೆ. ಪಂಚೆ, ಸೀರೆ ಹಳೆಯದಾದರೆ ಕೌದಿ, ಕೂಸಿನ ಬಟ್ಟೆ. ಕೊನೆಗೆ ತಿಪ್ಪೆಗೆ ಬಿದ್ದರೆ ಮಣ್ಣಾಗುತ್ತದೆ. ಒಂದು ಅಂಗಿಗೆ ಕೊಟ್ಟ ದುಡ್ಡು ನಾಲ್ಕು ಕಡೆ ದುಡಿಯುತ್ತದೆ.

ಟೆರಿಕಾಟು, ಪಾಲಿಯೆಸ್ಟರ್ ಈ ದಾರಿಯಲ್ಲಿ ಮಧ್ಯದಲ್ಲೇ ನಿಲ್ಲುತ್ತವೆ. ಹೊಲಕ್ಕೆ ಹಾಕಿದರೆ ಬೆವರು ಮೈಮೇಲೇ ನಿಲ್ಲುತ್ತದೆ. ಮಸಿಬಟ್ಟೆ ಮಾಡಿದರೆ ನೀರು ಹೀರುವುದಿಲ್ಲ, ಬಿಸಿ ಪಾತ್ರೆಗೆ ಕರಗುತ್ತದೆ. ತಿಪ್ಪೆಗೆ ಎಸೆದರೆ ಗೊಬ್ಬರದ ಜೊತೆ ಹೊಲಕ್ಕೆ ಹೋಗಿ, ಕುಂಟೆ ಹೊಡೆಯುವಾಗ ತಾಳಿಗೆ ಸಿಕ್ಕಿಕೊಳ್ಳುತ್ತದೆ. ಹತ್ತು ವರ್ಷದ ಹಿಂದಿನ ಅಂಗಿ ತೋಳು ಬಣ್ಣ ಕೂಡ ಮಾಸದೆ ಮೇಲೆ ಬಂದದ್ದನ್ನು ನಾನು ನೋಡಿದ್ದೇನೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಬಟ್ಟೆಯ ನಿಜವಾದ ಬೆಲೆ ಗೊತ್ತಾಗುವುದು ಆಗ.

ಒಗೆಯುವವರ ಮಾತು

ಈ ಲೇಖನ ಬರೆಯುತ್ತೇನೆ ಎಂದಾಗ ನಮ್ಮ ಮನೆಯಾಕೆ ಒಂದು ಮಾತು ಹೇಳಿದಳು. "ನಿಮ್ದೇನು, ಉಡ್ತೀರಿ, ಬಿಸಾಕ್ತೀರಿ. ಹತ್ತಿ ಸೀರೆ ನೆಂದ್ರೆ ಮಣ ಭಾರ. ಹಿಂಡೋಳು ನಾನು, ಒಣಗ್ದಿದ್ರೆ ಬೈಸ್ಕೊಳ್ಳೋಳೂ ನಾನು. ಅದನ್ನೂ ಬರೀರಿ."

ಬರೆದಿದ್ದೇನೆ. ಅವಳ ಮಾತು ನ್ಯಾಯ. ಹೆಂಗಸರು ಸಿಂಥೆಟಿಕ್ ಸೀರೆ ಹಿಡಿದದ್ದು ಶೋಕಿಗಲ್ಲ, ಕೆಲಸ ಹಗುರವಾಗಲೆಂದು. ಊರಿಗೂ ಪೇಟೆಗೂ ಒಂದೇ ಬಟ್ಟೆ ಎಂಬುದನ್ನು ಅವರು ನಮಗಿಂತ ಮೊದಲೇ ಮಾಡಿದ್ದಾರೆ. ಕಳೆ ಕೀಳುವಾಗ ಸೀರೆ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು. ಕೆಲಸ ಮುಗಿದ ಮೇಲೆ ಅಂಗಿ ಕಳಚಿ, ಮುಖ ತೊಳೆದು, ಸೆರಗು ಸರಿ ಮಾಡಿಕೊಂಡರೆ ಅದೇ ಸೀರೆಯಲ್ಲಿ ಬಸ್ಸಿಗೆ ತಯಾರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮೂರ ಹೆಂಗಸರು ತುಮಕೂರು ಮುಖ ನೋಡುವುದು ಹೆಚ್ಚಾಗಿದೆ. ಹೂವು, ಸೊಪ್ಪು ಹೊತ್ತು ತಾವೇ ಅಂತರಸನಹಳ್ಳಿ ಮಾರ್ಕೆಟ್ಟಿಗೆ ಹೋಗುತ್ತಾರೆ. ಅವರಿಗೆ ಬೇಕಿರುವುದು ಹಗುರವಾದ, ಬೇಗ ಒಣಗುವ, ತೆಳು ಹತ್ತಿ ಸೀರೆ. ಮತ್ತೆ ದುಡ್ಡು, ಮೊಬೈಲು ಇಡಲು ಒಂದು ಜೇಬು. ಕುಪ್ಪಸ ಹೊಲಿಯುವವರು, ಲಂಗ ಹೊಲಿಯುವವರು ಇದನ್ನು ಯೋಚಿಸಬೇಕು.

ಗಂಡಸರಿಗೆ ನನ್ನ ಸಲಹೆ ಒಂದೇ. ಹೊಲದ ಬಟ್ಟೆಯನ್ನು ನಾವೇ ಬೋರಿನ ಹತ್ತಿರ ಹಿಂಡಿಕೊಂಡು ಬರೋಣ. ಹತ್ತಿ ಉಡಬೇಕು ಎಂದು ಹೇಳುವ ಯೋಗ್ಯತೆ ಒಗೆಯುವವನಿಗೆ ಮಾತ್ರ.

ಹುಡುಗರ ಪ್ಯಾಂಟು

ಪಂಚೆ ಉಟ್ಟವನೇ ರೈತ ಎಂಬ ವಾದ ನನ್ನದಲ್ಲ. ನನ್ನ ಮಗ ಹೇಳುತ್ತಾನೆ, "ಅಪ್ಪಾ, ಬೈಕಿನ ಚಕ್ರಕ್ಕೆ ಪಂಚೆ ಸಿಕ್ಕಿದ್ರೆ ನೀನು ಬರ್ತೀಯಾ?" ಸರಿ. ಬೈಕಿಗೆ, ಟಿಲ್ಲರಿಗೆ ಪ್ಯಾಂಟೇ ಕ್ಷೇಮ. ಹುಡುಗರು ಪ್ಯಾಂಟು ಹಾಕಲಿ. ಒಂದೇ ಪ್ಯಾಂಟನ್ನು ಊರಲ್ಲೂ ಪೇಟೆಯಲ್ಲೂ ಹಾಕಲಿ ಎಂಬುದಷ್ಟೇ ನನ್ನ ಮಾತು.

ನನಗೆ ಬೇಜಾರಾಗುವುದು ಬೇರೆ ಕಾರಣಕ್ಕೆ. ಹೆಣ್ಣು ನೋಡಲು ಹೋಗುವಾಗ ರೈತ ಹುಡುಗ ಕಂಪನಿ ನೌಕರನ ವೇಷ ಹಾಕಬೇಕಾಗಿದೆ. ಮೈಗೆ ಅಂಟುವ ಪ್ಯಾಂಟು, ಸಾಲ ಮಾಡಿ ಕೊಂಡ ಬೂಟು. ಮಂಡ್ಯ ಕಡೆಯ ಮದುವೆಯಾಗದ ರೈತ ಹುಡುಗರು 2023ರಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ತಮಾಷೆಗಲ್ಲ. ನಮ್ಮ ಗುಬ್ಬಿ, ಕುಣಿಗಲ್ ಕಡೆಯೂ ಅದೇ ಕಷ್ಟ. ವೇಷ ನೋಡಿ ಒಪ್ಪಿದ ಹೆಣ್ಣು ನಾಳೆ ರಾಗಿ ಹೊಲ ನೋಡಿ ಏನು ಹೇಳಬೇಕು? ದುಡಿಯುವ ಬಟ್ಟೆಯನ್ನು ಅಪ್ಪ ಅಮ್ಮನೇ ಬಚ್ಚಿಟ್ಟರೆ, ದುಡಿಮೆಯೇ ಬಚ್ಚಿಡುವಂಥದ್ದು ಎಂದು ಮಕ್ಕಳು ತಿಳಿಯುತ್ತಾರೆ. ಬಟ್ಟೆ ಬಿಟ್ಟವನು ಹೊಲ ಬಿಡಲು ಬಹಳ ದಿನ ಬೇಡ.

ಹಾಗಾಗಿ ರೈತ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಬರುವ ಹಬ್ಬಕ್ಕೆ ಬಟ್ಟೆ ತರುವಾಗ ಅಗ್ಗದ್ದು ನಾಲ್ಕರ ಬದಲು ಒಳ್ಳೇ ಹತ್ತಿಯದು ಎರಡು ತನ್ನಿ. ಕಚೇರಿಗೆ, ಬ್ಯಾಂಕಿಗೆ ಹೋಗುವ ದಿನ ಊರಲ್ಲಿ ಉಡುವುದನ್ನೇ ಒಗೆದು ಉಟ್ಟು ಹೋಗಿ. ಕೂರಲು ಹೇಳದಿದ್ದರೆ, "ಸ್ವಾಮಿ, ನಾನೂ ಅರ್ಜಿ ಕೊಡೋಕೆ ಬಂದೋನೇ" ಎಂದು ಗಟ್ಟಿಯಾಗಿ ಹೇಳಿ ಕುರ್ಚಿ ಎಳೆದು ಕೂರಿ. ಒಬ್ಬರು ಹೀಗೆ ಮಾಡಿದರೆ ಜಗಳಗಂಟ ಅನ್ನುತ್ತಾರೆ. ಹತ್ತು ಜನ ಮಾಡಿದರೆ ಕುರ್ಚಿ ತಾನಾಗಿ ಬರುತ್ತದೆ. ನಿಮ್ಮ ಕಡೆ ಹೊಲಕ್ಕೂ ಪೇಟೆಗೂ ಏನು ಉಡುತ್ತೀರಿ, ಯಾವ ಬಟ್ಟೆ ಎಷ್ಟು ವರ್ಷ ಬಾಳಿತು ಎಂಬುದನ್ನು ಪತ್ರಿಕೆಗೆ ಬರೆದು ತಿಳಿಸಿ. ಮುಖ್ಯವಾಗಿ, ನಮ್ಮ ಹೆಣ್ಣುಮಕ್ಕಳು ಬರೆಯಲಿ.